ಒಂದು ಇಂಗ್ಲಿಷ್ ಹಳ್ಳಿಯನ್ನು ಯಾರು ಆಳುತ್ತಾರೆ? ಲ್ಯಾಕ್ಸ್‌ಟನ್ ಪ್ಯಾರಿಷ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಸ್ಥಳೀಯ ಆಡಳಿತ ಅಂದ ಕೂಡಲೇ ಕೌಂಟಿ, ಅದರೊಳಗಿನ ಡಿಸ್ಟ್ರಿಕ್ಟ್, ಅದರೊಳಗೆ ಹಳ್ಳಿ ಮಟ್ಟದ ಪ್ಯಾರಿಷ್, ಮೇಯರ್ ಎಲ್ಲ ಒಟ್ಟಿಗೆ ಬಂದು ತಲೆ ಕೆಡುತ್ತದೆ. ಇಡೀ ದೇಶದ ಕತೆ ಹೇಳಲು ಹೋಗುವುದಕ್ಕಿಂತ ಒಂದೇ ಊರನ್ನು ಹಿಡಿದುಕೊಂಡರೆ ವಾಸಿ. ಇಲ್ಲಿ ಹಿಡಿದಿರುವ ಊರು ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಲ್ಯಾಕ್ಸ್‌ಟನ್. ಓದುತ್ತಾ ಹೋಗುವಾಗ ಒಂದು ಸಂಗತಿಯ ಮೇಲೆ ಕಣ್ಣಿಟ್ಟಿರಿ: ತೆರಿಗೆ ಎತ್ತುವ ಹಕ್ಕು ಯಾವ ಕಾಲದಲ್ಲಿ ಯಾರ ಕೈಲಿತ್ತು ಅನ್ನುವುದು. ಅಧಿಕಾರ ಅದರ ಬೆನ್ನಿಗೇ ಹೋಗಿದೆ.

ಲ್ಯಾಕ್ಸ್‌ಟನ್ ಎಲ್ಲಿದೆ? ಅದನ್ನೇ ಯಾಕೆ ಆರಿಸಿಕೊಂಡಿರಿ?

ಶೆರ್‌ವುಡ್ ಕಾಡಿನ ಪೂರ್ವಕ್ಕೆ, ನ್ಯೂವಾರ್ಕ್ ಪಟ್ಟಣದಿಂದ ಒಂದಿಷ್ಟು ಉತ್ತರಕ್ಕೆ, ಅಂಟು ಜೇಡಿ ಮಣ್ಣಿನ ಸೀಮೆಯಲ್ಲಿದೆ. ಚಿಕ್ಕ ಊರು. ಒಂದು ಚರ್ಚು, ಒಂದು ಪಬ್ಬು, ಬೀದಿಯ ಅಕ್ಕಪಕ್ಕ ರೈತರ ಇಟ್ಟಿಗೆ ಮನೆಗಳು, ಕೊಟ್ಟಿಗೆಗಳು. ಊರಾಚೆ ನಾರ್ಮನ್ ಕಾಲದ ಕೋಟೆಯ ಮಣ್ಣುದಿಬ್ಬ. ಪಕ್ಕದ ಮೂರ್‌ಹೌಸ್ ಅನ್ನುವ ಪುಟ್ಟ ಊರೂ ಇದೇ ಪ್ಯಾರಿಷ್‌ಗೆ ಸೇರಿದೆ.

ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಬೇರೆ ಹಳ್ಳಿಗಳಲ್ಲಿ ಹೊಸ ಆಡಳಿತ ಬಂದಾಗ ಹಳೆಯದು ಅಳಿಸಿಹೋಯಿತು. ಇಲ್ಲಿ ಮಾತ್ರ ಮಧ್ಯಯುಗದ ಒಂದು ಪದ್ಧತಿ ಅಳಿಯದೆ ಹಾಗೇ ನಡೆದುಕೊಂಡು ಬಂದಿದೆ. ಹಾಗಾಗಿ ಸಾವಿರ ವರ್ಷದ ಆಡಳಿತವನ್ನು ಒಂದೇ ಊರಲ್ಲಿ ನೋಡಬಹುದು.

ಮಧ್ಯಯುಗದ ಪದ್ಧತಿ ಅಂದರೆ ಯಾವುದು?

ಬೇಲಿಯಿಲ್ಲದ ದೊಡ್ಡ ಹೊಲಗಳು, ಮತ್ತು ಅವನ್ನು ನೋಡಿಕೊಳ್ಳುವ ಕೋರ್ಟ್ ಲೀಟ್.

ಲ್ಯಾಕ್ಸ್‌ಟನ್‌ನಲ್ಲಿ ಮೂರು ದೊಡ್ಡ ಹೊಲಗಳಿವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಪ್ರತಿಯೊಂದೂ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನಿಗೆ ಮೂರೂ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಪಟ್ಟಿಗಳ ನಡುವೆ ಬೇಲಿ ಇಲ್ಲ. ಒಂದು ವರ್ಷ ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಪಕ್ಕದವನು ಗೋಧಿ ಹಾಕಿರುವಾಗ ನಾನು ಬೀಳು ಬಿಡುತ್ತೇನೆ ಅಂದರೆ ನಡೆಯುವುದಿಲ್ಲ.

ಬೇಲಿ ಇಲ್ಲದ ಮೇಲೆ ಒತ್ತುವರಿ ಇದ್ದದ್ದೇ ಅಲ್ವಾ? ಹೆಜ್ಜೆ ಅಗಲ ಪಕ್ಕದವರ ಕಡೆಗೆ ಉತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ತಡೆಯಲು ಒಂದು ಪಂಚಾಯ್ತಿ ಬೇಕೇ ಬೇಕು. ಆ ಕೆಲಸ ಮಾಡುವುದೇ ಕೋರ್ಟ್ ಲೀಟ್. ಇದು ಪ್ಯಾರಿಷ್‌ನ ಸಂಸ್ಥೆಯಲ್ಲ. ಜಮೀನಿನ ಒಡೆಯರ, ಅಂದರೆ ಮ್ಯಾನರ್‌ನ ನ್ಯಾಯಸಭೆ.

ಕೋರ್ಟ್ ಲೀಟ್ ಈಗಲೂ ನಿಜವಾಗಿ ನಡೆಯುತ್ತದಾ, ಅಥವಾ ಪ್ರವಾಸಿಗರಿಗೆ ತೋರಿಸಲು ಸುಮ್ನೆ ಮಾಡುತ್ತಾರಾ?

ನಿಜವಾಗಿ ನಡೆಯುತ್ತದೆ. ಇಂಗ್ಲೆಂಡಿನ ಬೇರೆ ಕೆಲವು ಊರುಗಳಲ್ಲೂ ಕೋರ್ಟ್ ಲೀಟ್ ಹೆಸರಿನಲ್ಲಿ ಸೇರುತ್ತಾರೆ, ಉದ್ದ ನಿಲುವಂಗಿ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ, ಊಟ ಮಾಡಿ ಮನೆಗೆ ಹೋಗುತ್ತಾರೆ. ಲ್ಯಾಕ್ಸ್‌ಟನ್‌ನಲ್ಲಿ ದಂಡ ಹಾಕುತ್ತಾರೆ.

ನವೆಂಬರ್ ಕೊನೆಯ ಹೊತ್ತಿಗೆ ಒಂದು ದಿನ ಜ್ಯೂರಿಯ 12 ಜನ ಹೊಲಕ್ಕೆ ಹೊರಡುತ್ತಾರೆ. ಎಲ್ಲರೂ ರೈತರು, ಊರಿನವರು. ಆ ವರ್ಷ ಗೋಧಿ ಬಿತ್ತಿರುವ ಹೊಲ ಯಾವುದೋ ಅದನ್ನಷ್ಟೇ ನೋಡುವುದು. ಟ್ರ್ಯಾಕ್ಟರ್ ಹಿಂದಿನ ಟ್ರೈಲರಿನಲ್ಲಿ ಕೂತು, ಕೆಸರಲ್ಲಿ ಇಳಿದು, ಪಟ್ಟಿ ಪಟ್ಟಿಯ ತುದಿಗೂ ಹೋಗಿ ಗಡಿ ನೋಡುತ್ತಾರೆ. ಗಡಿ ಮಾಸಿಹೋಗಿದ್ದರೆ ಹೊಸ ಮರದ ಗೂಟ ಹೊಡೆಯುತ್ತಾರೆ. ಯಾರಾದರೂ ಬಂಡಿದಾರಿಯೊಳಗೆ ಉತ್ತಿದ್ದಾರಾ, ಸೈಕ್ ಅನ್ನುವ ಸಾರ್ವಜನಿಕ ಹುಲ್ಲುಪಟ್ಟಿಯನ್ನು ಕೊರೆದಿದ್ದಾರಾ ಅಂತ ಪರೀಕ್ಷೆ ಮಾಡುತ್ತಾರೆ. ಆಮೇಲೆ ಊರಿನ ಡವ್‌ಕೋಟ್ ಇನ್ ಅನ್ನುವ ಪಬ್ಬಿಗೆ ಬಂದು ಊಟ ಮಾಡಿ, ಯಾರಿಗೆ ಎಷ್ಟು ದಂಡ ಅಂತ ಕೂತು ತೀರ್ಮಾನಿಸುತ್ತಾರೆ. ತಪ್ಪು ಮಾಡಿದವನು ಜ್ಯೂರಿಯಲ್ಲೇ ಕೂತಿರುವುದೂ ಉಂಟು. ಅವನಿಗೇನೂ ರಿಯಾಯಿತಿ ಇಲ್ಲ.

ಒಂದು ವಾರದ ನಂತರ ಅದೇ ಪಬ್ಬಿನಲ್ಲಿ ಕೋರ್ಟ್. ಒಡೆಯರ ಕಡೆಯಿಂದ ಸ್ಟೀವರ್ಡ್ ಬಂದು ಅಧ್ಯಕ್ಷತೆ ವಹಿಸುತ್ತಾರೆ. ಹೆಸರು ಕೂಗುತ್ತಾರೆ. ಹೇಳದೆ ಕೇಳದೆ ತಪ್ಪಿಸಿಕೊಂಡವರಿಗೆ ಕೆಲವೇ ಪೆನ್ನಿಗಳ ದಂಡ. ಮುಂದಿನ ವರ್ಷ ಗೋಧಿ ಬರುವ ಹೊಲಕ್ಕೆ ಹೊಸ ಜ್ಯೂರಿ ನೇಮಕವಾಗಿ ಬೈಬಲ್ ಮೇಲೆ ಪ್ರಮಾಣ ಮಾಡುತ್ತದೆ. ಬೀಡಾಡಿ ದನ ಕೂಡಿಹಾಕುವ ದೊಡ್ಡಿಗೆ ಒಬ್ಬ ಅಧಿಕಾರಿ ಇರುತ್ತಿದ್ದ, ಅವನನ್ನು ಪಿಂಡರ್ ಅನ್ನುತ್ತಿದ್ದರು. ಆ ದೊಡ್ಡಿ ಇನ್ನೂ ಊರಲ್ಲಿದೆ.

ದಂಡದ ಮೊತ್ತ ಅಲ್ಪ. ಆದರೆ ನೆರೆಹೊರೆಯವರೆಲ್ಲ ಕೂತಿರುವ ಕೋಣೆಯಲ್ಲಿ ನಿಮ್ಮ ಹೆಸರು ಓದುತ್ತಾರಲ್ಲ, ಅದು ಸಾಕು.

ಕಾನೂನು ಇದನ್ನೆಲ್ಲ ಒಪ್ಪುತ್ತದಾ?

ಒಪ್ಪುತ್ತದೆ, ಅದೂ ಹೆಸರು ಹಿಡಿದು. 1977ರ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಕಾಯ್ದೆ ದೇಶದಲ್ಲಿ ಉಳಿದಿದ್ದ ಇಂಥ ಹಳೇ ಕೋರ್ಟುಗಳ ನ್ಯಾಯ ತೀರ್ಮಾನಿಸುವ ಅಧಿಕಾರವನ್ನು ತೆಗೆದುಹಾಕಿತು. ಆಗ ಬರೀ ಎರಡಕ್ಕೆ ವಿನಾಯಿತಿ ಕೊಟ್ಟಿತು: ವೇಲ್ಸಿನ ಡೆನ್‌ಬಿಯಲ್ಲಿ ಬೀಡಾಡಿ ದನಗಳ ವಿಷಯ ನೋಡುವ ಎಸ್ಟ್ರೇ ಕೋರ್ಟ್, ಮತ್ತೆ ಲ್ಯಾಕ್ಸ್‌ಟನ್ನಿನ ಕೋರ್ಟ್ ಲೀಟ್. ಅವಶ್ಯಕತೆ ಇತ್ತು, ಬಿಟ್ಟರು. ಹೊಲ ಬೇಲಿಯಿಲ್ಲದೆ ಉಳಿದಿರುವ ತನಕ ಅದನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ.

ಬೇರೆ ಊರುಗಳಲ್ಲಿ ಈ ಪದ್ಧತಿ ಯಾಕೆ ಉಳಿಯಲಿಲ್ಲ?

18ನೇ ಶತಮಾನ ಮತ್ತು 19ನೇ ಶತಮಾನದ ಮೊದಲ ಭಾಗದಲ್ಲಿ ಪಾರ್ಲಿಮೆಂಟು ಊರೂರಿಗೂ ಒಂದೊಂದು ಕಾಯ್ದೆಯಂತೆ ಸಾವಿರಾರು ಕಾಯ್ದೆ ಮಾಡಿ ಹೊಲಗಳಿಗೆ ಬೇಲಿ ಹಾಕಿಸಿತು. ಚದುರಿದ ಪಟ್ಟಿಗಳನ್ನು ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ದೊಡ್ಡವರಿಗೆ ಲಾಭವಾಯಿತು. ಹುಲ್ಲುಗಾವಲಿನಲ್ಲಿ ಒಂದು ಹಸು ಮೇಯಿಸಿಕೊಂಡಿದ್ದ ಬಡವನಿಗೆ ಆ ಹಕ್ಕೂ ಹೋಯಿತು. ರೈತರು ಊರು ಬಿಟ್ಟು ತಮ್ಮ ತಮ್ಮ ಹೊಲದ ನಡುವೆ ಮನೆ ಕಟ್ಟಿಕೊಂಡರು. ಬೇಲಿ ಬಂದ ಮೇಲೆ ಗಡಿ ಕಾಯುವ ಕೋರ್ಟಿಗೆ ಕೆಲಸವೇ ಇಲ್ಲ. ತಾನಾಗಿ ನಿಂತುಹೋಯಿತು.

ಲ್ಯಾಕ್ಸ್‌ಟನ್‌ನಲ್ಲೂ ಒಂದಷ್ಟು ಜಮೀನಿಗೆ ಬೇಲಿ ಬಿದ್ದಿದೆ. ಪೂರ್ತಿ ಬೀಳದೆ ಉಳಿದದ್ದಕ್ಕೆ ಹೇಳುವ ಮುಖ್ಯ ಕಾರಣ, ಊರಿನ ಇಬ್ಬರು ದೊಡ್ಡ ಒಡೆಯರಾದ ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೋ ಅರ್ಲ್ ಮನೆತನಗಳು ಒಂದು ಮಾತಿಗೆ ಬರಲಿಲ್ಲ ಅನ್ನುವುದು. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ತಮ್ಮ ಲ್ಯಾಕ್ಸ್‌ಟನ್ ಜಮೀನನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಅದು, ದೊರೆಯ ಹೆಸರಿನಲ್ಲಿರುವ ಸಾರ್ವಜನಿಕ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೊಂಡುಕೊಂಡಿತು. ಥೋರ್ಸ್‌ಬಿ ಅಂದರೆ ಮ್ಯಾನ್ವರ್ಸ್ ಮನೆತನದ್ದೇ ಆಸ್ತಿ. 68 ವರ್ಷ ಸರ್ಕಾರದ ಕೈಲಿದ್ದು ಮತ್ತೆ ಹಳೇ ಮನೆಗೇ ಬಂತು.

ಹಾಗಾದರೆ ಪ್ಯಾರಿಷ್ ಎಲ್ಲಿಂದ ಬಂತು? ಅದು ಚರ್ಚಿನ ವಿಷಯ ಅಲ್ವಾ?

ಮೊದಲು ಚರ್ಚಿನದ್ದೇ. ಒಂದು ಚರ್ಚಿಗೆ ಸೇರಿದ ಜನ, ಅದಕ್ಕೆ ದಶಾಂಶ (ಬೆಳೆಯ ಹತ್ತನೇ ಒಂದು ಪಾಲು) ಕೊಡುವ ಜಮೀನು, ಅಷ್ಟೂ ಸೇರಿ ಒಂದು ಪ್ಯಾರಿಷ್. ಸರ್ಕಾರದ ಕೆಲಸಗಳು ಅದರ ತಲೆಗೆ ಬಿದ್ದದ್ದು ಟ್ಯೂಡರ್ ದೊರೆಗಳ ಕಾಲದಲ್ಲಿ. ಲಂಡನ್ನಿನಿಂದ ಪ್ರತಿ ಹಳ್ಳಿಗೂ ನೌಕರರನ್ನು ಕಳಿಸುವಷ್ಟು ದುಡ್ಡು ದೊರೆಗಳ ಹತ್ತಿರ ಇರಲಿಲ್ಲ. ಚರ್ಚು ಮಾತ್ರ ಪ್ರತಿ ಊರಲ್ಲೂ ಇತ್ತು. ಅದನ್ನೇ ಬಳಸಿಕೊಂಡರು.

1538ರಲ್ಲಿ ದೊರೆ 8ನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್ ಮದುವೆ, ನಾಮಕರಣ, ಸಾವುಗಳ ಲೆಕ್ಕ ಬರೆದಿಡಬೇಕು ಅಂತ ಆಜ್ಞೆ ಮಾಡಿದ. 1555ರ ಕಾಯ್ದೆ ರಸ್ತೆ ದುರಸ್ತಿಯನ್ನು ಪ್ಯಾರಿಷ್‌ಗೆ ಹೊರಿಸಿತು. ವರ್ಷಕ್ಕೆ 4 ದಿನ ಊರಿನವರೆಲ್ಲ ಪುಕ್ಕಟೆ ದುಡಿಯಬೇಕು. 1563ರಲ್ಲಿ ಅದು 6 ದಿನ ಆಯಿತು. 1601ರಲ್ಲಿ ಬಂದದ್ದು ಎಲ್ಲಕ್ಕಿಂತ ದೊಡ್ಡದು: ಬಡವರ ಕಾಯ್ದೆ. ಕೈಲಾಗದವರಿಗೆ ಅನ್ನ, ಕೈಲಾಗುವವರಿಗೆ ಕೆಲಸ, ಅನಾಥ ಮಕ್ಕಳಿಗೆ ಕಸುಬು ಕಲಿಸುವುದು, ಎಲ್ಲ ಪ್ಯಾರಿಷ್‌ನ ಹೊಣೆ. ಅದಕ್ಕಾಗಿ ಊರಿನ ಆಸ್ತಿದಾರರ ಮೇಲೆ ತೆರಿಗೆ ಹಾಕುವ ಅಧಿಕಾರ. ಅದೇ ಪೂರ್ ರೇಟ್.

ಮ್ಯಾನರ್ ಹಿಂದೆ ಬಿದ್ದು ಪ್ಯಾರಿಷ್ ಮುಂದೆ ಬಂದದ್ದು ಈ ತೆರಿಗೆಯಿಂದಲೇ. ಕೋರ್ಟ್ ಲೀಟಿಗೆ ದಂಡ ಹಾಕಲು ಬರುತ್ತಿತ್ತು, ತೆರಿಗೆ ಎತ್ತಲು ಬರುತ್ತಿರಲಿಲ್ಲ.

ಈ ಕೆಲಸಗಳನ್ನೆಲ್ಲ ಮಾಡುತ್ತಿದ್ದವರು ಯಾರು?

ಊರಿನವರೇ, ಸಂಬಳವಿಲ್ಲದೆ. ಚರ್ಚಿನ ಆಸ್ತಿ ನೋಡಿಕೊಳ್ಳಲು ಚರ್ಚ್‌ವಾರ್ಡನ್, ಬಡವರ ಲೆಕ್ಕಕ್ಕೆ ಓವರ್‌ಸಿಯರ್, ರಸ್ತೆಗೆ ಸರ್ವೇಯರ್, ಕಳ್ಳಕಾಕರನ್ನು ಹಿಡಿಯಲು ಕಾನ್‌ಸ್ಟೇಬಲ್. ಸಾಮಾನ್ಯವಾಗಿ ವರ್ಷಕ್ಕೊಬ್ಬರು. ಬೇಡ ಅಂದರೆ ದಂಡ. ಬಿತ್ತನೆ ಹೊತ್ತಿನಲ್ಲಿ ಪಕ್ಕದೂರಿಗೆ ಕಳ್ಳನನ್ನು ಎಳೆದುಕೊಂಡು ಹೋಗುವುದು ಯಾರಿಗೆ ಬೇಕು ಹೇಳಿ.

ಊರಿನ ಪ್ರಮುಖರು ಸೇರುವ ಸಭೆಗೆ ವೆಸ್ಟ್ರಿ ಅನ್ನುತ್ತಿದ್ದರು. ಚರ್ಚಿನ ಒಂದು ಕೋಣೆಯಲ್ಲಿ ಸಭೆ. ಪಾದ್ರಿ ಅಧ್ಯಕ್ಷ. ತೆರಿಗೆ ಕಟ್ಟುವವರು ಸದಸ್ಯರು. ಮೇಲೆ ಜಿಲ್ಲೆಯ ಮ್ಯಾಜಿಸ್ಟ್ರೇಟರು ಲೆಕ್ಕಕ್ಕೆ ಸಹಿ ಹಾಕಬೇಕಿತ್ತು. 1818ರ ಕಾಯ್ದೆಯೊಂದು ವೆಸ್ಟ್ರಿಯಲ್ಲಿ ಆಸ್ತಿ ಜಾಸ್ತಿ ಇದ್ದವರಿಗೆ ಜಾಸ್ತಿ ಓಟು ಕೊಟ್ಟಿತು, ಒಬ್ಬರಿಗೆ 6ರ ತನಕ. ಇದನ್ನು ಹಳ್ಳಿಯ ಪ್ರಜಾಪ್ರಭುತ್ವ ಅಂತ ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದುಡ್ಡಿದ್ದವರು ಕೂತು ದುಡ್ಡಿಲ್ಲದವರ ಹೊಟ್ಟೆಯ ಲೆಕ್ಕ ಹಾಕುತ್ತಿದ್ದ ಸಭೆ ಅದು.

ಬೇರೆ ಊರಿನ ಬಡವರು ಬಂದರೆ?

ಓಡಿಸುತ್ತಿದ್ದರು. 1662ರ ಸೆಟಲ್‌ಮೆಂಟ್ ಕಾಯ್ದೆ ಪ್ರಕಾರ ಪ್ರತಿಯೊಬ್ಬರಿಗೂ ಒಂದು 'ಸ್ವಂತ' ಪ್ಯಾರಿಷ್ ಇರಬೇಕು. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಹೊಸಬರು ಬಂದರೆ, ಮುಂದೆ ಊರಿಗೆ ಹೊರೆಯಾಗಬಹುದು ಅಂತ 40 ದಿನದೊಳಗೆ ದೂರು ಕೊಟ್ಟು ಅವರ ಹಳೇ ಪ್ಯಾರಿಷ್‌ಗೆ ವಾಪಸ್ ಕಳಿಸಬಹುದಿತ್ತು. ಮುಂದೆ, ಪೂರ್ತಿ ಒಂದು ವರ್ಷ ಆಳಾಗಿ ದುಡಿದವನಿಗೆ ಆ ಊರಿನ ಹಕ್ಕು ಸಿಗುವಂತಾಯಿತು. ತಕ್ಷಣ ರೈತರು 51 ವಾರಕ್ಕೆ ಆಳು ಹಿಡಿಯತೊಡಗಿದರು! ಗಂಡನಿಲ್ಲದ ತುಂಬು ಬಸುರಿಯರನ್ನು ಹೆರಿಗೆಗೆ ಮುಂಚೆ ಗಡಿ ದಾಟಿಸಿಬಿಡುತ್ತಿದ್ದರು. ಮಗು ಹುಟ್ಟಿದರೆ ಅದರ ಖರ್ಚು ತಮ್ಮ ಊರಿನ ಮೇಲೆ ಬೀಳುತ್ತದಲ್ಲ ಅಂತ. 1795ರ ನಂತರವೇ, ನಿಜವಾಗಿ ನೆರವು ಕೇಳಿ ಬಂದವರನ್ನು ಮಾತ್ರ ಕಳಿಸಬಹುದು ಅನ್ನುವ ನಿಯಮ ಬಂದದ್ದು.

ವರ್ಕ್‌ಹೌಸ್ ಅಂತ ಓದಿದ್ದೇನೆ. ಲ್ಯಾಕ್ಸ್‌ಟನ್‌ಗೂ ಅದಕ್ಕೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ವರ್ಕ್‌ಹೌಸ್ ಅಂದರೆ ನೆರವು ಬೇಕಾದ ಬಡವರನ್ನು ಒಳಗಿಟ್ಟುಕೊಂಡು ದುಡಿಸುತ್ತಿದ್ದ ಮನೆ. ಇಡೀ ಇಂಗ್ಲೆಂಡಿಗೆ ಮಾದರಿಯಾದ ವರ್ಕ್‌ಹೌಸ್ ಇರುವುದು ಇಲ್ಲಿಂದ ಸುಮಾರು 10 ಮೈಲಿ ದೂರದ ಸೌತ್‌ವೆಲ್‌ನಲ್ಲಿ.

19ನೇ ಶತಮಾನದ ಆರಂಭದಲ್ಲಿ ಪೂರ್ ರೇಟ್ ಏರುತ್ತಲೇ ಇತ್ತು, ತೆರಿಗೆ ಕಟ್ಟುವವರು ಗೊಣಗುತ್ತಲೇ ಇದ್ದರು. ಸೌತ್‌ವೆಲ್‌ನ ಪಾದ್ರಿ ಮತ್ತು ಮ್ಯಾಜಿಸ್ಟ್ರೇಟ್ ಆಗಿದ್ದ ಜಾನ್ ಥಾಮಸ್ ಬೆಚರ್ ಒಂದು ಉಪಾಯ ಹೂಡಿದರು. ಮನೆಬಾಗಿಲಿಗೆ ನೆರವು ಕೊಡುವುದು ನಿಲ್ಲಿಸಿ, ಬೇಕಾದವರು ಒಳಗೆ ಬಂದು ಇರಲಿ, ಒಳಗಿನ ಬದುಕು ಎಷ್ಟು ಕಟ್ಟುನಿಟ್ಟಾಗಿರಬೇಕೆಂದರೆ ಬೇರೆ ದಾರಿಯೇ ಇಲ್ಲದವರು ಮಾತ್ರ ಬರಬೇಕು. 1824ರಲ್ಲಿ ಕಟ್ಟಡ ಎದ್ದಿತು. ಹಲವು ಪ್ಯಾರಿಷ್‌ಗಳು ಸೇರಿ ಖರ್ಚು ಹಂಚಿಕೊಂಡವು. ನಡುವೆ ಮಾಸ್ಟರ್‌ನ ಮನೆ, ಅಲ್ಲಿಂದ ಎಲ್ಲ ಅಂಗಳಗಳೂ ಕಾಣುತ್ತವೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಗಂಡ ಹೆಂಡತಿ ಒಟ್ಟಿಗೆ ಬಂದರೂ ಬಾಗಿಲಲ್ಲೇ ಬೇರೆ. ಮುದುಕರು, ರೋಗಿಗಳನ್ನು 'ತಪ್ಪಿಲ್ಲದವರು' ಅಂತ ಬೇರೆ ಇಡುತ್ತಿದ್ದರು. ಮೈಯಲ್ಲಿ ಶಕ್ತಿ ಇದ್ದವರು 'ಸೋಮಾರಿಗಳು'. ಮೆಟ್ಟಿಲುಗಳೂ ಬೇರೆ ಬೇರೆ, ಎದುರಾಗದ ಹಾಗೆ.

ಅದೇ ಊರಲ್ಲಿ ಓವರ್‌ಸಿಯರ್ ಆಗಿದ್ದ ಜಾರ್ಜ್ ನಿಕೋಲ್ಸ್ ಅನ್ನುವವರೂ ಇದೇ ದಾರಿಯಲ್ಲಿ ಖರ್ಚು ಇಳಿಸಿ ಹೆಸರು ಮಾಡಿದರು. ಅದಕ್ಕೆ ಮುಂಚೆ ಆತ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕ್ಯಾಪ್ಟನ್. 1834ರಲ್ಲಿ ಹೊಸ ಬಡವರ ಕಾಯ್ದೆ ಬಂದಾಗ ಅದನ್ನು ಜಾರಿ ಮಾಡಲು ನೇಮಿಸಿದ ಮೂವರು ಕಮಿಷನರುಗಳಲ್ಲಿ ನಿಕೋಲ್ಸ್ ಒಬ್ಬರು. ಸೌತ್‌ವೆಲ್‌ನ ಪ್ರಯೋಗ ದೇಶಕ್ಕೆಲ್ಲ ಹರಡಿತು.

1836ರಲ್ಲಿ ಸುಮಾರು 60 ಪ್ಯಾರಿಷ್‌ಗಳನ್ನು ಸೇರಿಸಿ ಸೌತ್‌ವೆಲ್ ಪೂರ್ ಲಾ ಯೂನಿಯನ್ ಮಾಡಿದರು. ಲ್ಯಾಕ್ಸ್‌ಟನ್ ಅದರೊಳಗೆ ಬಂತು. ಊರಿನ ಬಡವರ ತೀರ್ಮಾನ ಇನ್ನು ಊರಿನ ವೆಸ್ಟ್ರಿಯದಲ್ಲ. ಸೌತ್‌ವೆಲ್‌ನಲ್ಲಿ ಕೂರುವ ಗಾರ್ಡಿಯನ್ನರ ಮಂಡಳಿಯದು. ಪ್ಯಾರಿಷ್ ತೆರಿಗೆ ಎತ್ತಿ ಕಳಿಸಬೇಕು, ಅಷ್ಟೇ.

ಆ ಕಟ್ಟಡ ಈಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕೈಲಿದೆ. ಹೋಗಿ ನೋಡಬಹುದು.

ಆಡಳಿತದ (ಸಿವಿಲ್) ಪ್ಯಾರಿಷ್ ಮತ್ತು ಚರ್ಚಿನ ಪ್ಯಾರಿಷ್ ಬೇರೆಯಾದದ್ದು ಯಾವಾಗ?

1866ರಲ್ಲಿ. ಪ್ರತ್ಯೇಕವಾಗಿ ಪೂರ್ ರೇಟ್ ಎತ್ತುವ ಅಥವಾ ಪ್ರತ್ಯೇಕ ಓವರ್‌ಸಿಯರ್ ಇರುವ ಜಾಗವೇ ಪ್ಯಾರಿಷ್ ಅಂತ ಕಾಯ್ದೆ ಹೇಳಿತು. ಇಲ್ಲೂ ನೋಡಿ, ತೆರಿಗೆಯೇ ಗುರುತು. 1868ರಲ್ಲಿ ಚರ್ಚಿನ ಖರ್ಚಿಗೆ ಕಡ್ಡಾಯವಾಗಿ ಎತ್ತುತ್ತಿದ್ದ ತೆರಿಗೆಯೂ ನಿಂತಿತು. ಅಲ್ಲಿಂದ ಮುಂದೆ ಎರಡರ ಗಡಿಗಳು ಬೇರೆ ಬೇರೆಯಾಗಿ ಬದಲಾಗುತ್ತಾ ಹೋದವು.

ಪ್ಯಾರಿಷ್ ಕೌನ್ಸಿಲ್ ಶುರುವಾದದ್ದು ಹೇಗೆ?

1884ರಲ್ಲಿ ಹಳ್ಳಿಯ ಕೂಲಿಕಾರ ಗಂಡಸರಲ್ಲಿ ಬಹಳಷ್ಟು ಜನಕ್ಕೆ ಪಾರ್ಲಿಮೆಂಟಿನ ಓಟು ಸಿಕ್ಕಿತ್ತು. ದೇಶ ಆಳುವವರನ್ನು ಆರಿಸುವವನಿಗೆ ಊರಿನ ವೆಸ್ಟ್ರಿಯಲ್ಲಿ ಮಾತಾಡಲು ಆಗದು ಅಂದರೆ ಎಷ್ಟು ದಿನ ನಡೆದೀತು? 1888ರ ಕಾಯ್ದೆ ಕೌಂಟಿ ಕೌನ್ಸಿಲ್‌ಗಳನ್ನು ಮಾಡಿತು. ನಾಟಿಂಗ್‌ಹ್ಯಾಮ್‌ಶೈರಿನದು 1889ರಲ್ಲಿ ಕೆಲಸ ಶುರು ಮಾಡಿತು. ಹಳ್ಳಿಗಳ ಸರದಿ ಬಂದದ್ದು 1894ರಲ್ಲಿ, ಲಿಬರಲ್ ಸರ್ಕಾರದ ಕಾಲದಲ್ಲಿ. ಮಸೂದೆಯನ್ನು ದಡ ಸೇರಿಸಿದವರು ಸಚಿವ ಹೆನ್ರಿ ಫೌಲರ್.

ಹಳ್ಳಿಯಲ್ಲಿ 300 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಕೌನ್ಸಿಲ್ ಕಡ್ಡಾಯ. 100ರಿಂದ 300ರ ನಡುವೆ ಇದ್ದರೆ ಜನ ಒಪ್ಪಿದರೆ ಕೌನ್ಸಿಲ್. ಅದಕ್ಕೂ ಕಡಿಮೆ ಇದ್ದರೆ ಎಲ್ಲ ಮತದಾರರೂ ಸೇರುವ ಪ್ಯಾರಿಷ್ ಮೀಟಿಂಗ್ ಸಾಕು. ಕೌನ್ಸಿಲಿನಲ್ಲಿ 5ರಿಂದ 15 ಸದಸ್ಯರು. ಮೊದಲ ಚುನಾವಣೆ 1894ರ ಡಿಸೆಂಬರಿನಲ್ಲಿ. ಸಭೆ ಸಂಜೆ 6ಕ್ಕಿಂತ ಮುಂಚೆ ಶುರು ಮಾಡಬಾರದು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಕೂಲಿ ಮುಗಿಸಿ ಬರುವವರಿಗೂ ಆಗಲಿ ಅಂತ. ಈ ಒಂದು ಸಾಲು ನನಗೆ ಇಡೀ ಕಾಯ್ದೆಯಲ್ಲೇ ಜಾಸ್ತಿ ಇಷ್ಟ. ಓಟು ಕೈ ಎತ್ತಿ ಹಾಕುವುದು. ಯಾರಾದರೂ ಬೇಡ ಅಂದರೆ ಗುಟ್ಟಿನ ಮತದಾನ. ಕೆಲಸ ಕೊಟ್ಟ ಯಜಮಾನ ಮುಂದೆ ಕೂತಿರುವಾಗ ಅವನ ವಿರುದ್ಧ ಕೈ ಎತ್ತುವುದು ಸುಲಭವಲ್ಲ, ಅದು ಬೇರೆ ಮಾತು.

ಹೆಂಗಸರಿಗೆ, ಮದುವೆಯಾದವರಿಗೂ, ಈ ಕಾಯ್ದೆ ಪ್ಯಾರಿಷ್ ಮತ್ತು ಡಿಸ್ಟ್ರಿಕ್ಟ್ ಮಟ್ಟದಲ್ಲಿ ಚುನಾವಣೆಗೆ ನಿಲ್ಲುವ ದಾರಿ ತೆರೆಯಿತು. ಪಾರ್ಲಿಮೆಂಟಿಗೆ ಓಟು ಹಾಕಲು ಅವರು 1918ರ ತನಕ ಕಾಯಬೇಕಾಯಿತು.

ಆದರೆ ಹೊಸ ಕೌನ್ಸಿಲ್ ಕೈಗೆ ಕೊಟ್ಟ ತೆರಿಗೆ ಎಷ್ಟು? ಆಸ್ತಿಯ ಬೆಲೆಯ ಪೌಂಡಿಗೆ 3 ಪೆನ್ನಿ. ಊರಿನ ಸಭೆ ಒಪ್ಪಿದರೆ 6 ಪೆನ್ನಿ. ರಸ್ತೆ, ಚರಂಡಿ, ನೈರ್ಮಲ್ಯದ ದೊಡ್ಡ ಕೆಲಸಗಳು ಅದೇ ಕಾಯ್ದೆ ಹುಟ್ಟಿಸಿದ ರೂರಲ್ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಹೋದವು. ಲ್ಯಾಕ್ಸ್‌ಟನ್ ಸೇರಿದ್ದು ಸೌತ್‌ವೆಲ್ ರೂರಲ್ ಡಿಸ್ಟ್ರಿಕ್ಟ್‌ಗೆ. ಪೂರ್ ಲಾ ಯೂನಿಯನ್‌ಗೆ ಎಳೆದಿದ್ದ ಗೆರೆಗಳೇ ಬಹುಮಟ್ಟಿಗೆ ಈ ಡಿಸ್ಟ್ರಿಕ್ಟ್‌ಗಳ ಗಡಿಯಾದವು.

ಆಮೇಲೆ ಪ್ಯಾರಿಷ್ ಅಧಿಕಾರ ಹೆಚ್ಚಿತಾ?

ಇಲ್ಲ, ಇಳಿಯುತ್ತಾ ಬಂತು. 1925ರ ಕಾಯ್ದೆಯಿಂದ ಓವರ್‌ಸಿಯರ್ ಹುದ್ದೆ ರದ್ದಾಗಿ, ತೆರಿಗೆ ಎತ್ತುವ ಕೆಲಸ ಡಿಸ್ಟ್ರಿಕ್ಟ್‌ಗೆ ಹೋಯಿತು. ಟ್ಯೂಡರ್ ಕಾಲದಿಂದ ಇದ್ದ ಹುದ್ದೆ, 1927ಕ್ಕೆ ಮುಗಿಯಿತು. 1930ರಲ್ಲಿ ಗಾರ್ಡಿಯನ್ನರ ಮಂಡಳಿಗಳೂ ಹೋದವು. ಹಳ್ಳಿ ರಸ್ತೆಗಳು ಕೌಂಟಿಯ ಪಾಲಾದವು. 1948ರಲ್ಲಿ ಬಡವರ ಕಾಯ್ದೆಯೇ ಇಲ್ಲವಾಯಿತು.

1974ರ ಏಪ್ರಿಲ್ 1ರಂದು ರೂರಲ್ ಡಿಸ್ಟ್ರಿಕ್ಟ್‌ಗಳೂ ರದ್ದು. ಸೌತ್‌ವೆಲ್ ರೂರಲ್, ನ್ಯೂವಾರ್ಕ್ ರೂರಲ್, ನ್ಯೂವಾರ್ಕ್ ಪಟ್ಟಣ ಮೂರೂ ಸೇರಿ ನ್ಯೂವಾರ್ಕ್ ಡಿಸ್ಟ್ರಿಕ್ಟ್ ಆಯಿತು. 1995ರಲ್ಲಿ ಅದರ ಹೆಸರು ನ್ಯೂವಾರ್ಕ್ ಅಂಡ್ ಶೆರ್‌ವುಡ್ ಅಂತ ಬದಲಾಯಿತು. ಪ್ಯಾರಿಷ್‌ಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈಗ ಪ್ಯಾರಿಷ್ ಕೌನ್ಸಿಲ್ ಏನು ಮಾಡುತ್ತದೆ?

ಸ್ಮಶಾನ, ಆಟದ ಮೈದಾನ, ಬಸ್ ತಂಗುದಾಣ, ಬೆಂಚು, ಹುಲ್ಲು ಕತ್ತರಿಸುವುದು, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಾಗಗಳು, ಊರಿನ ಹಾಲ್. ಎಲ್ಲ ಊರಲ್ಲೂ ಎಲ್ಲವೂ ಇರುವುದಿಲ್ಲ. ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ ಅಭಿಪ್ರಾಯ ಹೇಳಬಹುದು, ತೀರ್ಮಾನ ಡಿಸ್ಟ್ರಿಕ್ಟಿನದು. 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ, ಊರಲ್ಲಿ ಎಲ್ಲಿ ಏನು ಕಟ್ಟಬೇಕು ಅನ್ನುವ ಯೋಜನೆಯನ್ನು ತಾವೇ ಬರೆದು ಜನಮತಕ್ಕೆ ಹಾಕುವ ಅವಕಾಶ ಸಿಕ್ಕಿದೆ. ಇದು ನಿಜಕ್ಕೂ ಉಪಯೋಗದ್ದು. ಬರೆಯಲು ವರ್ಷಗಳೇ ಹಿಡಿಯುತ್ತವೆ ಅನ್ನುವುದೊಂದೇ ತೊಂದರೆ.

ದುಡ್ಡು ಬರುವುದು ಪ್ರಿಸೆಪ್ಟ್ ಮೂಲಕ. ವರ್ಷಕ್ಕೆ ಇಷ್ಟು ಬೇಕು ಅಂತ ಪ್ಯಾರಿಷ್ ಡಿಸ್ಟ್ರಿಕ್ಟ್‌ಗೆ ಚೀಟಿ ಕಳಿಸುತ್ತದೆ. ಡಿಸ್ಟ್ರಿಕ್ಟ್ ಅದನ್ನು ಆ ಊರಿನವರ ಕೌನ್ಸಿಲ್ ಟ್ಯಾಕ್ಸಿಗೆ ಸೇರಿಸಿ ವಸೂಲು ಮಾಡಿ ಕೊಡಬೇಕು. ಪ್ರತಿ ವರ್ಷ ಲೆಕ್ಕದ ಪುಸ್ತಕವನ್ನು 30 ಕೆಲಸದ ದಿನ ಜನರ ತನಿಖೆಗೆ ತೆರೆದಿಡಬೇಕು. ಸದಸ್ಯರು ಹೆಚ್ಚಾಗಿ ಸಂಬಳವಿಲ್ಲದೆ ದುಡಿಯುತ್ತಾರೆ. ಸಂಬಳ ಇರುವುದು ಕ್ಲರ್ಕ್‌ಗೆ, ಅದೂ ಚಿಕ್ಕ ಊರಲ್ಲಿ ವಾರಕ್ಕೆ ಕೆಲವೇ ಗಂಟೆ.

ಪ್ಯಾರಿಷ್ ಕೌನ್ಸಿಲ್ ಸಭೆಯೂ ಪಬ್ಬಿನಲ್ಲೇ ನಡೆಯುತ್ತದಾ?

ಹೆಂಡ ಮಾರಲು ಪರವಾನಗಿ ಇರುವ ಜಾಗದಲ್ಲಿ, ಮಾರುವ ಹೊತ್ತಿನಲ್ಲಿ ಸಭೆ ಮಾಡಬಾರದು. ಪುಕ್ಕಟೆಯಾಗಿ ಅಥವಾ ಸರಿಯಾದ ಬಾಡಿಗೆಗೆ ಬೇರೆ ಕೋಣೆ ಸಿಗದಿದ್ದರೆ ಮಾತ್ರ ವಿನಾಯಿತಿ. 1894ರಿಂದ ಬಂದ ನಿಯಮ, 1972ರ ಕಾಯ್ದೆಯಲ್ಲೂ ಉಳಿಯಿತು. ನೂರಾರು ವರ್ಷ ಹಳೆಯ ಕೋರ್ಟ್ ಲೀಟ್ ಆರಾಮಾಗಿ ಡವ್‌ಕೋಟ್ ಇನ್‌ನಲ್ಲಿ ಕೂರುತ್ತದೆ, ಚುನಾಯಿತ ಕೌನ್ಸಿಲಿಗೆ ಆ ಭಾಗ್ಯವಿಲ್ಲ!

ಪ್ಯಾರಿಷ್ ಕೌನ್ಸಿಲಿನವರು ಜೂಮ್‌ನಲ್ಲಿ ಜಗಳವಾಡಿದ ವಿಡಿಯೋ ಹರಡಿತ್ತಲ್ಲ, ಆ ಸಭೆ?

ಅದು ಲ್ಯಾಕ್ಸ್‌ಟನ್ ಅಲ್ಲ, ಚೆಷೈರಿನ ಹ್ಯಾಂಡ್‌ಫೋರ್ತ್. 2020ರ ಡಿಸೆಂಬರಿನ ಸಭೆ, ವಿಡಿಯೋ ಹರಡಿದ್ದು 2021ರ ಫೆಬ್ರುವರಿಯಲ್ಲಿ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಸಭೆಗೆ ಕೊಟ್ಟಿದ್ದ ಅನುಮತಿ 2021ರ ಮೇನಲ್ಲಿ ಮುಗಿಯಿತು. ಅಧ್ಯಕ್ಷ ಯಾರು, ಕ್ಲರ್ಕ್ ಯಾರು ಅಂತ ಜಗಳ ಮಾತ್ರ ಇಂಗ್ಲೆಂಡಿನ ಹಳ್ಳಿಗಳಿಗೆ ಹೊಸದಲ್ಲ.

ಇದು ನಮ್ಮ ಗ್ರಾಮ ಪಂಚಾಯ್ತಿ ತರಾನಾ?

ಹೆಸರಿಗೆ ಹೌದು, ಕೆಲಸದಲ್ಲಿ ಅಲ್ಲ. ಕರ್ನಾಟಕದ ಗ್ರಾಮ ಪಂಚಾಯ್ತಿಗೆ ಸಂವಿಧಾನದ ಬೆಂಬಲವಿದೆ, ಕೇಂದ್ರ ಮತ್ತು ರಾಜ್ಯದ ಅನುದಾನ ಬರುತ್ತದೆ, ಪಿಡಿಒ ಇರುತ್ತಾರೆ, ನೀರು, ಬೀದಿದೀಪ, ಉದ್ಯೋಗ ಖಾತರಿ ಎಲ್ಲ ನೋಡಿಕೊಳ್ಳಬೇಕು, ಮೀಸಲಾತಿ ಇದೆ. ಪ್ಯಾರಿಷ್ ಕೌನ್ಸಿಲಿಗೆ ಇವುಗಳಲ್ಲಿ ಬಹುಪಾಲು ಇಲ್ಲ. ನಮ್ಮ ಗ್ರಾಮಸಭೆಗೆ ಹತ್ತಿರದ್ದು ಅಲ್ಲಿನ ಪ್ಯಾರಿಷ್ ಮೀಟಿಂಗ್. ವರ್ಷಕ್ಕೊಮ್ಮೆ ಮಾರ್ಚ್ 1ರಿಂದ ಜೂನ್ 1ರ ನಡುವೆ ಸೇರಲೇಬೇಕು. 6 ಮತದಾರರು ಸೇರಿ ಬೇರೆ ದಿನವೂ ಕರೆಯಬಹುದು. ಇದು ಅಲ್ಲಿರುವ ಬಹಳ ಜನಕ್ಕೇ ಗೊತ್ತಿಲ್ಲ.

ನಾನು ಬ್ರಿಟನ್ನಿನಲ್ಲಿ ಇರುವ ಭಾರತೀಯ. ಓಟು ಹಾಕಬಹುದಾ? ನಿಲ್ಲಬಹುದಾ?

ಓಟು ಖಂಡಿತ. ಭಾರತ ಕಾಮನ್‌ವೆಲ್ತ್ ದೇಶ. ಕಾನೂನುಬದ್ಧ ವೀಸಾ ಮೇಲೆ ಇಂಗ್ಲೆಂಡಿನಲ್ಲಿ ವಾಸವಿರುವ, 18 ತುಂಬಿದ ಭಾರತೀಯ ಪ್ರಜೆ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಓಟು ಹಾಕಬಹುದು. ಪಾಸ್‌ಪೋರ್ಟ್ ಬದಲಿಸಬೇಕಿಲ್ಲ.

ನಿಲ್ಲಲು ಇನ್ನೊಂದು ಷರತ್ತಿದೆ. ತಾತ್ಕಾಲಿಕ ವೀಸಾ ಸಾಲದು, ಕಾಯಂ ವಾಸದ ಅನುಮತಿ ಬೇಕು. ಜೊತೆಗೆ ಆ ಪ್ಯಾರಿಷ್‌ನ ಮತದಾರರಾಗಿರಬೇಕು, ಅಥವಾ ಹಿಂದಿನ 12 ತಿಂಗಳು ಅಲ್ಲಿ ವಾಸ, ಕೆಲಸ ಅಥವಾ ಆಸ್ತಿಯ ನಂಟು ಇರಬೇಕು. ಪ್ಯಾರಿಷ್‌ನಿಂದ 3 ಮೈಲಿಯೊಳಗೆ ವಾಸವಿದ್ದರೂ ಆಗುತ್ತದೆ. ಠೇವಣಿ ಇಲ್ಲ. ಬಹಳ ಹಳ್ಳಿಗಳಲ್ಲಿ ಸೀಟಿಗಿಂತ ಅಭ್ಯರ್ಥಿಗಳೇ ಕಡಿಮೆ. ಆಗ ಚುನಾವಣೆಯಿಲ್ಲದೆ ಆಯ್ಕೆ. ಖಾಲಿ ಉಳಿದ ಜಾಗಕ್ಕೆ ಕೌನ್ಸಿಲೇ ಯಾರನ್ನಾದರೂ ಸೇರಿಸಿಕೊಳ್ಳುತ್ತದೆ. ನೋಟಿಸ್ ಬೋರ್ಡಿನ ಮೇಲೆ ಒಂದು ಕಣ್ಣಿಟ್ಟಿರಿ.

ಒಂದು ಪ್ಯಾರಿಷ್‌ನ ಹಳೇ ದಾಖಲೆ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ಆ ಕೌಂಟಿಯ ದಾಖಲೆ ಸಂಗ್ರಹಾಲಯ. ನಾಟಿಂಗ್‌ಹ್ಯಾಮ್‌ಶೈರಿನದ್ದು ನಾಟಿಂಗ್‌ಹ್ಯಾಮ್ ನಗರದಲ್ಲೇ ಇದೆ. ವೆಸ್ಟ್ರಿಯ ನಡಾವಳಿ, ಓವರ್‌ಸಿಯರ್ ಲೆಕ್ಕ, ವಾಪಸ್ ಕಳಿಸಿದ ಆಜ್ಞೆಗಳು, ಇಂಥವನ್ನೆಲ್ಲ ಒಂದು ಕಾಲದಲ್ಲಿ ಚರ್ಚಿನ ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಉಳಿದವು ಈಗ ಇಂಥ ಕಡೆ ಬಂದಿವೆ. ಮ್ಯಾನರ್‌ನ ಕಾಗದಗಳನ್ನು ಬೇರೆಯಾಗಿ ಹುಡುಕಬೇಕು, ಅವು ಒಡೆಯರ ಮನೆಯ ಸ್ವತ್ತು. ಲ್ಯಾಕ್ಸ್‌ಟನ್ನಿನ ಮಟ್ಟಿಗೆ ಮ್ಯಾನ್ವರ್ಸ್ ಮನೆತನದ ಕಾಗದಗಳು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ.

ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ 1635ರ ಒಂದು ನಕ್ಷೆಯಿದೆ. ಆಗಿನ ಒಡೆಯ ಸರ್ ವಿಲಿಯಂ ಕೋರ್ಟೆನ್‌ಗಾಗಿ ಮಾರ್ಕ್ ಪಿಯರ್ಸ್ ಅನ್ನುವ ಸರ್ವೇಯರ್ ಮಾಡಿದ್ದು. ಊರಿನ ಒಂದೊಂದು ಪಟ್ಟಿಯನ್ನೂ ಎಳೆದು, ಯಾವುದು ಯಾರ ಸಾಗುವಳಿ ಅಂತ ಗುರುತು ಮಾಡಿದ್ದಾನೆ. ನಡುನಡುವೆ ಉಳುವವರು, ಬೇಟೆಯಾಡುವವರು ಇರುವ ಪುಟ್ಟ ಚಿತ್ರಗಳನ್ನೂ ಬರೆದಿದ್ದಾನೆ. ಸಂಬಳಕ್ಕೆ ಕೆಲಸ ಮಾಡುವ ಸರ್ವೇಯರ್‌ಗೆ ಅಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ!

ಮುಂದೆ ಏನಾಗುತ್ತದೆ?

2024ರ ಮೇನಲ್ಲಿ ಈಸ್ಟ್ ಮಿಡ್‌ಲ್ಯಾಂಡ್ಸ್‌ಗೆ ಮೊದಲ ಸಲ ಮೇಯರ್ ಚುನಾವಣೆ ನಡೆಯಿತು. ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಡರ್ಬಿಶೈರ್ ಎರಡೂ ಅದರಲ್ಲಿವೆ. ಅದೇ ಡಿಸೆಂಬರಿನಲ್ಲಿ ಸರ್ಕಾರ, ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಮಟ್ಟ ಬೇಡ, ಎರಡನ್ನೂ ಸೇರಿಸಿ ಒಂದೇ ದೊಡ್ಡ ಕೌನ್ಸಿಲ್ ಮಾಡೋಣ ಅನ್ನುವ ಯೋಜನೆ ಪ್ರಕಟಿಸಿತು. ಅದು ಜಾರಿಯಾದರೆ ನ್ಯೂವಾರ್ಕ್ ಅಂಡ್ ಶೆರ್‌ವುಡ್ ಕೌನ್ಸಿಲ್ ಹೋಗುತ್ತದೆ. ಪ್ಯಾರಿಷ್ ಉಳಿಯುತ್ತದೆ. ಹೀಗೆ ಒಂದಾದ ಬೇರೆ ಕೌಂಟಿಗಳಲ್ಲಿ ನಡೆದದ್ದನ್ನು ನೋಡಿದರೆ, ಸಾರ್ವಜನಿಕ ಶೌಚಾಲಯ, ಉದ್ಯಾನ, ಹುಲ್ಲು ಕತ್ತರಿಸುವ ಕೆಲಸಗಳನ್ನು ದೊಡ್ಡ ಕೌನ್ಸಿಲ್ ಕೆಳಗೆ ತಳ್ಳುತ್ತದೆ, ಪ್ಯಾರಿಷ್ ತನ್ನ ಪ್ರಿಸೆಪ್ಟ್ ಏರಿಸುತ್ತದೆ. ಕೌಂಟಿ, ಡಿಸ್ಟ್ರಿಕ್ಟ್‌ಗಳು ಒಂದು ಮಿತಿ ದಾಟಿ ತೆರಿಗೆ ಏರಿಸಬೇಕಾದರೆ ಜನಮತ ಕೇಳಬೇಕು. ಪ್ಯಾರಿಷ್‌ಗೆ ಸರ್ಕಾರ ಆ ಮಿತಿ ಹಾಕಿಲ್ಲ.